ಮೆನಿಸ್ಕಸ್ ಕಸಿಯ ನಂತರ ತುಮಕೂರಿನಲ್ಲಿ ಫಿಸಿಯೋಥೆರಪಿ: ನನ್ನ ಅನುಭವ

ಮಂಡಿ ನೋವಿನವರು ಬರುವ ಕೇಂದ್ರವನ್ನು ಲಿಫ್ಟ್ ಇಲ್ಲದ ಕಟ್ಟಡದ ಮೊದಲ ಮಹಡಿಯಲ್ಲಿ ತೆರೆದವರ ಬುದ್ಧಿಗೆ ಏನೆನ್ನಬೇಕೋ ತಿಳಿಯದು. ಬಿ.ಹೆಚ್. ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಈ ಫಿಸಿಯೋಥೆರಪಿ ಕೇಂದ್ರದ ಬಗ್ಗೆ ನನ್ನ ಮೊದಲ ದೂರು ಅದೇ. ಎರಡನೆಯದು, ಸಂಜೆ ಆರರ ಮೇಲೆ ಹೋದರೆ ಕಾಯುವವರಿಗೆ ಕುರ್ಚಿ ಸಾಲುವುದಿಲ್ಲ. ದೂರುಗಳಿರುವುದರಿಂದ ಹೆಸರು ಬರೆಯುತ್ತಿಲ್ಲ. ಆದರೂ ಮೆನಿಸ್ಕಸ್, ಅಂದರೆ ಮಂಡಿಯೊಳಗೆ ಮೆತ್ತೆಯಂತಿರುವ ಮೃದ್ವಸ್ಥಿಯ ಕಸಿ ಮಾಡಿಸಿಕೊಂಡು ಊರಿಗೆ ಮರಳಿದವರು ಯಾರಾದರೂ ಕೇಳಿದರೆ ಕಣ್ಣು ಮುಚ್ಚಿಕೊಂಡು ಇಲ್ಲಿಗೇ ಕಳುಹಿಸುತ್ತೇನೆ.

ನಾನು ದೈಹಿಕ ಶಿಕ್ಷಣ ಶಿಕ್ಷಕಿ. ಅದಕ್ಕೂ ಮೊದಲು ಖೋ-ಖೋ ಆಟಗಾರ್ತಿ. ಕಾಲೇಜಿನ ದಿನಗಳಲ್ಲಿ ಬಲಮಂಡಿಯ ಹೊರಬದಿಯ ಮೆನಿಸ್ಕಸ್ ಹರಿದಾಗ ಅದನ್ನು ಬಹುಪಾಲು ಕತ್ತರಿಸಿ ತೆಗೆದಿದ್ದರು. ಕಾಲು ನೇರವಾಗಿದ್ದಾಗ ಮಂಡಿಯ ಮೇಲೆ ಬೀಳುವ ಭಾರದಲ್ಲಿ ಸುಮಾರು ಅರ್ಧವನ್ನು ಹೊರುವುದು ಈ ಅರ್ಧಚಂದ್ರಾಕಾರದ ಮೃದ್ವಸ್ಥಿ. ಮಂಡಿ ಮಡಚಿದಾಗ ಅದರ ಪಾಲು ಇನ್ನೂ ಹೆಚ್ಚು. ಅದನ್ನು ತೆಗೆದರೆ ಕೀಲು ಬೇಗ ಸವೆಯುತ್ತದೆ ಎಂಬ ಸುಳಿವನ್ನು 1948ರಲ್ಲೇ ಫೇರ್‌ಬ್ಯಾಂಕ್ ಎಂಬ ವೈದ್ಯರು ಎಕ್ಸ್-ರೇಗಳಲ್ಲಿ ತೋರಿಸಿಕೊಟ್ಟಿದ್ದರು. ಆಮೇಲೂ ದಶಕಗಳ ಕಾಲ ತೆಗೆಯುತ್ತಲೇ ಇದ್ದರು ಎನ್ನುವುದು ಬೇರೆ ಮಾತು. ನನಗಂತೂ ಮೂವತ್ತು ದಾಟುವಷ್ಟರಲ್ಲಿ ಮೆಟ್ಟಿಲು ಇಳಿಯುವುದೇ ಶಿಕ್ಷೆಯಾಯಿತು. ಕೀಲು ಇನ್ನೂ ಪೂರ್ತಿ ಸವೆದಿಲ್ಲ, ಕಾಲು ಸೊಟ್ಟಗಿಲ್ಲ, ವಯಸ್ಸೂ ಚಿಕ್ಕದು ಎಂದು ಬೆಂಗಳೂರಿನ ಶಸ್ತ್ರಚಿಕಿತ್ಸಕರು ಮೃತ ದಾನಿಯೊಬ್ಬರ ಮೆನಿಸ್ಕಸ್ ಅನ್ನು ಕೂರಿಸಿದರು. ಇದಕ್ಕೆ ರಕ್ತದ ಗುಂಪು ಹೊಂದಬೇಕಿಲ್ಲ, ಅಳತೆ ಹೊಂದಬೇಕು. ದೇಹ ಕಸಿಯನ್ನು ತಿರಸ್ಕರಿಸದಿರಲೆಂದು ಮೂತ್ರಪಿಂಡ ಕಸಿಯವರಿಗೆ ಕೊಡುವಂಥ ಮಾತ್ರೆಗಳನ್ನು ನುಂಗುವ ಗೋಜೂ ಇಲ್ಲ.

ಊರುಗೋಲಿನ ವಾರಗಳಲ್ಲಿ ಕೇಂದ್ರದವರೇ ಮನೆಗೆ ಬಂದರು. ಅದಕ್ಕೆ ಶುಲ್ಕ ಹೆಚ್ಚು. ಆಮೇಲೆ ನಾನೇ ಹೋಗತೊಡಗಿದೆ. ಊರಿನಲ್ಲಿ ನಾನು ಕಂಡ ಕೆಲವು ಕಡೆ ಮಂಡಿಗೆ ಕರೆಂಟ್ ಯಂತ್ರ ಕಟ್ಟಿ, ಪರದೆ ಎಳೆದು, ಮುಂದಿನವರನ್ನು ಕರೆಯುತ್ತಾರೆ. ಇಲ್ಲಿ ಹಾಗಿಲ್ಲ. ಮಂಚದ ಮೇಲೆ ನುಣ್ಣನೆಯ ಪ್ಲೈವುಡ್ ಹಲಗೆ ಇಟ್ಟು, ಅದರ ಮೇಲೆ ಪೌಡರ್ ಉದುರಿಸಿ, ಹಿಮ್ಮಡಿಯನ್ನು ನಿಧಾನವಾಗಿ ಹಿಂದಕ್ಕೆ ಜಾರಿಸಲು ಹೇಳುತ್ತಾರೆ. ಥೆರಪಿಸ್ಟ್ ಪಕ್ಕದಲ್ಲೇ ನಿಂತು, ಪ್ಲಾಸ್ಟಿಕ್ ಕೋನಮಾಪಕದ ಒಂದು ತೋಳನ್ನು ತೊಡೆಗೂ ಇನ್ನೊಂದನ್ನು ಕಾಲಿಗೂ ಹಿಡಿದು ಓದುತ್ತಾರೆ. ಮೊದಲ ವಾರಗಳಲ್ಲಿ ತೊಂಬತ್ತು ಡಿಗ್ರಿ ಮುಟ್ಟಿತೆಂದರೆ "ಸಾಕು ಟೀಚರ್, ಇನ್ನು ಬೇಡ" ಎಂದು ಕಾಲನ್ನು ಹಿಡಿದೇಬಿಡುತ್ತಿದ್ದರು. ನನಗೆ ಇನ್ನೂ ಮಡಚುವ ಹುಮ್ಮಸ್ಸು. ಹೆಚ್ಚು ಮಡಚಿದಷ್ಟೂ ಹೊಸ ಹೊಲಿಗೆಗಳ ಮೇಲೆ ಎಳೆತ ಬೀಳುತ್ತದೆ ಎಂಬ ಅವರ ವಾದದ ಮುಂದೆ ನನ್ನ ಶಿಕ್ಷಕಿಯ ದರ್ಪ ನಡೆಯಲಿಲ್ಲ. ಪ್ರತಿ ತಿಂಗಳು ಟೇಪಿನಿಂದ ಎರಡೂ ತೊಡೆಗಳ ಸುತ್ತಳತೆ ತೆಗೆದು ಕಾರ್ಡಿನಲ್ಲಿ ಬರೆಯುತ್ತಾರೆ. ಬಲತೊಡೆ ಎಡತೊಡೆಯನ್ನು ಹೆಚ್ಚುಕಡಿಮೆ ಸರಿಗಟ್ಟುವವರೆಗೆ ಓಟದ ಮಾತೆತ್ತುವಂತಿಲ್ಲ.

ಈ ಥೆರಪಿಸ್ಟ್ ಬಗ್ಗೆ ನನಗೆ ಗೌರವ ಹುಟ್ಟಿದ್ದು ಮಾತ್ರ ಇನ್ನೊಂದು ಕಾರಣಕ್ಕೆ. ಶಿರಾ ಕಡೆಯ ಕಬಡ್ಡಿ ಹುಡುಗನೊಬ್ಬ, ಅವನಿಗೂ ಇದೇ ಕಸಿ, "ಮತ್ತೆ ಮ್ಯಾಟ್‌ಗೆ ಯಾವಾಗ ಇಳಿಯಬಹುದು ಮೇಡಂ?" ಎಂದು ಕೇಳಿದ. ಬೇರೆಯವರಾಗಿದ್ದರೆ "ಆರು ತಿಂಗಳು" ಎಂದು ಬೆನ್ನು ತಟ್ಟಿ ಕಳುಹಿಸುತ್ತಿದ್ದರು. ಇವರು ಅವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಹೆಚ್ಚಿನವರಿಗೆ ನೋವು ಇಳಿಯುತ್ತದೆ, ದಿನನಿತ್ಯದ ನಡಿಗೆ ಸಲೀಸಾಗುತ್ತದೆ. ಹತ್ತು ವರ್ಷಗಳ ನಂತರವೂ ಹತ್ತರಲ್ಲಿ ಸುಮಾರು ಏಳು ಮಂದಿಯ ಕಸಿ ಉಳಿದಿರುತ್ತದೆ, ಆಮೇಲೆ ಆ ಲೆಕ್ಕ ಇಳಿಯುತ್ತಾ ಹೋಗುತ್ತದೆ. ನಡುವೆ ಕೆಲವರ ಕಸಿ ಹರಿದು ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದು ಅಪರೂಪವೇನಲ್ಲ. ಸಂಧಿವಾತವನ್ನು ಇದು ತಡೆದೇ ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ ಎಂದೂ ಸೇರಿಸಿದರು. ಆಟಕ್ಕೆ ಮರಳಿದವರಿದ್ದಾರೆ, ಆದರೆ ಒಂಬತ್ತು ತಿಂಗಳಿಂದ ಒಂದು ವರ್ಷ ಕಾಯಬೇಕು. ಹಾರಿ ಬಿದ್ದು ತಿರುಗುವ ಆಟವನ್ನು ಅನೇಕ ಶಸ್ತ್ರಚಿಕಿತ್ಸಕರು ಆಮೇಲೂ ಒಪ್ಪುವುದಿಲ್ಲ. ಹುಡುಗನ ಮುಖ ಇಳಿಯಿತು. ಆದರೂ ಮರುದಿನ ಬಂದ.

ನನಗೂ ಅದೇ ನ್ಯಾಯ. ಖೋ-ಖೋ ಅಂಕಣದ ಸಾಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಬೆನ್ನ ಮೇಲೆ ತಟ್ಟಿದ ಕೂಡಲೇ ಚಿಮ್ಮುವ ಆಟ ಮುಗಿಯಿತು. ಈಗ ಕುರ್ಚಿ ಹಾಕಿಕೊಂಡು ಸೀಟಿ ಊದುತ್ತೇನೆ, ಮಕ್ಕಳಿಗೆ ಅದೇನೂ ಕೊರತೆ ಅನ್ನಿಸಿಲ್ಲ. ಆಸ್ಪತ್ರೆಗಳ ಜಾಹೀರಾತಿನಲ್ಲಿ ಕಸಿಯ ನಂತರ ಎಲ್ಲರೂ ಓಡುತ್ತಿರುತ್ತಾರೆ. ನಾನು ಕೇಳಿದ್ದು ಮೆಟ್ಟಿಲು, ಸಿಕ್ಕಿದ್ದೂ ಮೆಟ್ಟಿಲು. ಸಿದ್ಧಗಂಗಾ ಮಠದ ದಾಸೋಹದಲ್ಲಿ ಚಕ್ಕಳಮಕ್ಕಳ ಹಾಕಿ ಕೂರಬಹುದೇ ಎಂದು ನಮ್ಮತ್ತೆ ನನ್ನ ಪರವಾಗಿ ಕೇಳಿದ್ದಕ್ಕೆ, "ಕೂರಬಹುದು ಅಮ್ಮ, ಆದರೆ ಈ ವರ್ಷ ಬೇಡ" ಎಂದರು ಥೆರಪಿಸ್ಟ್. ಅತ್ತೆಗೆ ಸಮಾಧಾನವಾಗಲಿಲ್ಲ.

ಒಂದು ಸಲಕ್ಕೆ ನಾನೂರು ರೂಪಾಯಿ, ತುಮಕೂರಿಗೆ ಇದು ಕಡಿಮೆಯಲ್ಲ. ರಸೀದಿ ಕೇಳಿ ಪಡೆಯಬೇಕು, ತಾವಾಗಿ ಕೊಡುವುದಿಲ್ಲ. ಮಂಡಿಯ ಬ್ರೇಸ್ ಅನ್ನು ಅವರಲ್ಲಿಯೇ ಕೊಳ್ಳಬೇಡಿ, ಹೊರಗಿನ ಸರ್ಜಿಕಲ್ ಅಂಗಡಿಯಲ್ಲಿ ಅದೇ ಮಾಲು ಅಗ್ಗ. ಹೋಗುವುದಾದರೆ ಬೆಳಿಗ್ಗೆ ಹೋಗಿ. ಡಿಸ್ಚಾರ್ಜ್ ಸಾರಾಂಶವೊಂದೇ ಸಾಲದು, ಶಸ್ತ್ರಚಿಕಿತ್ಸೆಯ ವಿವರವಾದ ಟಿಪ್ಪಣಿಯನ್ನೂ ಆಸ್ಪತ್ರೆಯಿಂದ ಕೇಳಿ ತನ್ನಿ. ಕಸಿಯನ್ನು ಮೂಳೆಯ ತುಂಡಿನೊಂದಿಗೆ ಕೂರಿಸಿದ್ದಾರೋ, ಬರೀ ಹೊಲಿಗೆಯಿಂದಲೋ ಎಂದು ಅವರು ಮೊದಲ ದಿನವೇ ಕೇಳುತ್ತಾರೆ. ಉತ್ತರ ಸಿಗುವವರೆಗೆ ವ್ಯಾಯಾಮ ಶುರು ಮಾಡುವುದಿಲ್ಲ.