ಪ್ಯಾಂಟೊಪ್ರಜೋಲ್ ಬೇಕಾ, ಫ್ಯಾಮೋಟಿಡಿನ್ ಸಾಕಾ?

ಹುಬ್ಬಳ್ಳಿಯಲ್ಲಿ ಸಂಜೆ ಗಿರ್ಮಿಟ್ ಜೊತೆ ನಾಲ್ಕು ಮಿರ್ಚಿ ತಿಂದರೆ ಕೆಲವರಿಗೆ ರಾತ್ರಿ ಎದೆ ಉರಿ ಗ್ಯಾರಂಟಿ, ಅಲ್ವಾ? ಆಗ ಕೇಳಿಬರುವ ಹೆಸರು ಪ್ಯಾಂಟೊಪ್ರಜೋಲ್ ಮತ್ತು ಫ್ಯಾಮೋಟಿಡಿನ್, ಎರಡೂ ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಮಾತ್ರೆಗಳು. ಕೆಲಸ ಮಾತ್ರ ಬೇರೆ ಬೇರೆ.

ಹೊಟ್ಟೆಯ ಒಳಗೋಡೆಯ ಕೋಶಗಳ ಪೊರೆಯಲ್ಲಿ ಒಂದು ಕಿಣ್ವವಿದೆ, ಅದೇ ಆಮ್ಲ ಸುರಿಸುವ ಪಂಪ್. ಎಟಿಪಿ (ಕೋಶದ ಇಂಧನ) ಖರ್ಚು ಮಾಡಿ ಪ್ರೋಟಾನನ್ನು (ಆಮ್ಲಕ್ಕೆ ಬೇಕಾದ ಹೈಡ್ರೋಜನ್ ಕಣ) ಹೊರಗೆ ತಳ್ಳಿ, ಬದಲಿಗೆ ಪೊಟ್ಯಾಸಿಯಂ ಒಳಗೆಳೆಯುತ್ತದೆ. ಪ್ಯಾಂಟೊಪ್ರಜೋಲ್ ಈ ಪಂಪಿಗೇ ಗಟ್ಟಿಯಾಗಿ ಅಂಟಿ ನಿಲ್ಲಿಸುತ್ತದೆ, ಆದರೆ ಓಡುತ್ತಿರುವ ಪಂಪಿಗೆ ಮಾತ್ರ, ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕು, ಪೂರ್ತಿ ಪರಿಣಾಮಕ್ಕೆ 3-4 ದಿನ ಕಾಯಬೇಕು. ಉರಿ ಶುರುವಾದ ಮೇಲೆ ನುಂಗಿದರೆ ತಕ್ಷಣ ತಣಿಯುವುದಿಲ್ಲ.

ಫ್ಯಾಮೋಟಿಡಿನ್ ಪಂಪನ್ನು ಮುಟ್ಟುವುದಿಲ್ಲ. ಪಂಪನ್ನು ಚಾಲೂ ಮಾಡುವ ಹಿಸ್ಟಮಿನ್ ಎಂಬ ದೇಹದ ರಾಸಾಯನಿಕದ ಸಂದೇಶವನ್ನು ತಡೆಯುತ್ತದೆ. ಸುಮಾರು ಒಂದು ಗಂಟೆಯಲ್ಲಿ ಕೆಲಸ ಶುರು.

ಅಪರೂಪದ ಉರಿಗೆ ನನ್ನ ಓಟು ಫ್ಯಾಮೋಟಿಡಿನ್‌ಗೆ. ವಾರಕ್ಕೆ ಎರಡು ಮೂರು ಸಲ ಬಂದರೆ ಡಾಕ್ಟರಿಗೆ ತೋರಿಸಿ, ಅವರು ಹೇಳಿದಷ್ಟು ದಿನ ಪ್ಯಾಂಟೊಪ್ರಜೋಲ್. ವರ್ಷಗಟ್ಟಲೆ ಸುಮ್ನೆ ನುಂಗಬೇಡಿ, ಬಿ12 ಕಡಿಮೆಯಾಗಬಹುದು.