ಕಾಸರಗೋಡಿನಿಂದ ಬೆಂಗಳೂರಿಗೆ ಎರಡು ರಾತ್ರಿ, ಒಂದು ಹಗಲು: ಬಾಡಿಗೆ ಟಿ.ಟಿ. (ಟೆಂಪೋ ಟ್ರಾವೆಲರ್) ಹೇಗಿರುತ್ತದೆ?

ಶುಕ್ರವಾರ ರಾತ್ರಿ ಹೊರಟು, ಶನಿವಾರ ಇಡೀ ಬೆಂಗಳೂರು ನೋಡಿ, ಭಾನುವಾರ ಬೆಳಗಾಗುವ ಮುಂಚೆ ಮನೆ ಸೇರುವುದು. ಕಾಸರಗೋಡು, ಬದಿಯಡ್ಕ, ಮುಳ್ಳೇರಿಯ ಕಡೆ ಕುಟುಂಬದವರೋ ಯುವಕ ಮಂಡಲದವರೋ ಟಿ.ಟಿ. ಬಾಡಿಗೆಗೆ ಹಿಡಿಯುವುದು ಹೆಚ್ಚಾಗಿ ಇದೇ ಲೆಕ್ಕದಲ್ಲಿ. ಹನ್ನೆರಡರಿಂದ ಹದಿನೈದು ಜನ ಇದ್ದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಹಗಲು ಹೊತ್ತಿನಲ್ಲಿ ಡ್ರೈವರ್ ಮಲಗಿರಬೇಕು, ಇದೊಂದು ಶರತ್ತು. ಏಳೆಂಟು ಜನರಷ್ಟೇ ಇದ್ದರೆ ಕಣ್ಣೂರು–ಬೆಂಗಳೂರು ರಾತ್ರಿ ರೈಲೇ ಒಳ್ಳೆಯದು, ಕಾಸರಗೋಡಿನಲ್ಲೇ ಹತ್ತಬಹುದು.

ಮೊದಲು ಬಾಡಿಗೆಯ ಲೆಕ್ಕ. ಜಗಳ ಹುಟ್ಟುವುದು ಇಲ್ಲೇ. ಟ್ರಾವೆಲ್ಸ್‌ನವರಿಗೆ ದಿನ ಎಂದರೆ ರಾತ್ರಿ ಹನ್ನೆರಡರಿಂದ ಹನ್ನೆರಡು. ಶುಕ್ರವಾರ ರಾತ್ರಿ ಎಂಟೂವರೆಗೆ ಹೊರಟು ಭಾನುವಾರ ನಸುಕಿಗೆ ಮರಳಿದರೆ ಅವರ ಪುಸ್ತಕದಲ್ಲಿ ಅದು ಮೂರು ದಿನ. ದಿನಕ್ಕೆ ಕನಿಷ್ಠ 300 ಕಿ.ಮೀ. ಎಂದಿದ್ದರೆ 900 ಕಿ.ಮೀ.ಗೆ ಹಣ ಕೊಡಬೇಕು. ಓಡುವುದು ಹೋಗಿ ಬರಲು ಸುಮಾರು 720. ಡ್ರೈವರನ ಮೂರು ದಿನದ ಬಾಟಾ (ದಿನಭತ್ಯೆ) ಬೇರೆ. ಅದಕ್ಕೇ ‘ಕಿಲೋಮೀಟರಿಗೆ ಎಷ್ಟು’ ಎಂದು ಕೇಳುವ ಬದಲು ‘ಇಡೀ ಟ್ರಿಪ್ಪಿಗೆ ಎಷ್ಟು’ ಎಂದು ಕೇಳಿ, ಟೋಲ್, ಪಾರ್ಕಿಂಗ್, ಕರ್ನಾಟಕದ ತೆರಿಗೆ ಅದರೊಳಗೆ ಸೇರಿದೆಯೇ ಎಂಬುದನ್ನು ಬರೆಸಿಕೊಳ್ಳಬೇಕು. ಕೆಎಲ್ 14 (ಕಾಸರಗೋಡು) ನೋಂದಣಿಯ ಹಳದಿ ಬೋರ್ಡಿನ ಗಾಡಿಗೆ ತೆರಿಗೆ ಬೀಳುವುದಾದರೆ ಗಡಿ ದಾಟುವ ಮೊದಲೇ ಅದನ್ನು ಆನ್‌ಲೈನಿನಲ್ಲಿ ಕಟ್ಟಿರಬೇಕು. ರಸೀದಿ, ಪ್ರಯಾಣಿಕರ ಪಟ್ಟಿ ಗಾಡಿಯಲ್ಲೇ ಇರಲಿ. ಅಗ್ಗಕ್ಕೆ ಸಿಗುತ್ತದೆಂದು ಬಿಳಿ ಬೋರ್ಡಿನ ಖಾಸಗಿ ಗಾಡಿ ಹಿಡಿಯಲೇಬಾರದು. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ನಡುರಾತ್ರಿ ಮಕ್ಕಳುಮರಿ ಸಮೇತ ರಸ್ತೆಯಲ್ಲಿ ಇಳಿಯಬೇಕಾದೀತು.

ಗಾಡಿಯನ್ನು ಹಗಲಿನಲ್ಲೇ ಹೋಗಿ ನೋಡಿ. ಹದಿನಾಲ್ಕು ಜನರಿಗೆ 17 ಸೀಟಿನದು ಬೇಕು. ಕಟ್ಟಕಡೆಯ ಸಾಲಿನ ಸೀಟು ಹಲವು ಗಾಡಿಗಳಲ್ಲಿ ಹಿಂದಕ್ಕೆ ಬಾಗುವುದಿಲ್ಲ, ಹಿಂದಿನ ಚಕ್ರದ ಕುಲುಕಾಟವೆಲ್ಲ ಅಲ್ಲಿಗೇ ಬಡಿಯುತ್ತದೆ. ಆ ಸಾಲಿಗೆ ಚೀಲಗಳನ್ನು ಹಾಕಿಬಿಡಿ. ಟಾಪಿನ ಮೇಲೆ ಸಾಮಾನು ಕಟ್ಟುವುದಾದರೆ ಟಾರ್ಪಾಲು ಹರಿದಿಲ್ಲವೆಂದು ನೋಡಿಕೊಳ್ಳಬೇಕು. ದಾರಿಯ ಸಂಪಾಜೆ ಘಾಟಿಯಲ್ಲಿ ಮಳೆ ಹೇಳಿ ಕೇಳಿ ಬರುವುದಿಲ್ಲ.

ದಾರಿ ಎರಡುಂಟು. ಮಂಗಳೂರಿಗೆ ಹೋಗಿ ಶಿರಾಡಿ ಘಾಟಿ ಹತ್ತುವುದು ಒಂದು. ಚೆರ್ಕಳ, ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಮಡಿಕೇರಿ, ಮೈಸೂರು ಇನ್ನೊಂದು. ನಮ್ಮ ಕಡೆಯವರಿಗೆ ಎರಡನೆಯದೇ ಸರಿ. ಶಿರಾಡಿಗೆ ಹೋಗಲು ಮೊದಲು 50 ಕಿ.ಮೀ. ಬಡಗು ದಿಕ್ಕಿಗೆ ಹೋಗಬೇಕು, ಆಮೇಲೆ ರಾತ್ರಿಯಿಡೀ ಟ್ಯಾಂಕರು, ಲಾರಿಗಳ ಬಾಲ ಹಿಡಿಯಬೇಕು. ಎಂಟೂವರೆಗೆ ಕಾಸರಗೋಡು ಬಿಟ್ಟರೆ ಹತ್ತಕ್ಕೆ ಸುಳ್ಯ, ಹನ್ನೆರಡರ ಒಳಗೆ ಮಡಿಕೇರಿ, ಎರಡೂವರೆಗೆ ಮೈಸೂರು, ಐದಕ್ಕೆ ಬೆಂಗಳೂರಿನ ಅಂಚಿನ ಕೆಂಗೇರಿ. ಮಳೆಗಾಲದಲ್ಲಿ ಮಾತ್ರ ಹೊರಡುವ ದಿನವೇ ಕೊಡಗು ಜಿಲ್ಲಾಡಳಿತದ ಸೂಚನೆ ನೋಡಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡವೇ ಕುಸಿದು ಬಂದಿತ್ತು. 2024ರ ಜುಲೈಯಲ್ಲಿ ಮದೆನಾಡಿನ ಹತ್ತಿರ ಕುಸಿತದ ಭಯದಿಂದ ಕೆಲವು ದಿನ ರಾತ್ರಿ ಸಂಚಾರ ನಿಲ್ಲಿಸಿದ್ದರು.

ಘಾಟಿಯಲ್ಲಿ ವಾಂತಿಯಾಗುವುದು ತಿರುವಿನಿಂದ ಮಾತ್ರ ಅಲ್ಲ. ಕತ್ತಲೆಯಲ್ಲಿ ಕಣ್ಣಿಗೆ ರಸ್ತೆ ಕಾಣದು, ಕಿವಿಯೊಳಗಿನ ಸಮತೋಲಕ್ಕೆ ಮಾತ್ರ ಪ್ರತಿ ತಿರುವೂ ಗೊತ್ತಾಗುತ್ತದೆ. ಎರಡಕ್ಕೂ ತಾಳೆಯಾಗದಾಗ ಹೊಟ್ಟೆ ತೊಳಸುತ್ತದೆ, ಮೊಬೈಲ್ ನೋಡುತ್ತಿದ್ದರೆ ಇನ್ನೂ ಬೇಗ. ಏಳು ಗಂಟೆಗೇ ಮನೆಯಲ್ಲಿ ಗಂಜಿ, ಉಪ್ಪಿನಕಾಯಿಯಷ್ಟು ಹಗುರವಾಗಿ ಉಂಡು ಹೊರಡುವುದು ಒಳ್ಳೆಯದು. ವಾಂತಿ ತಡೆಯುವ ಮಾತ್ರೆ ತೆಗೆದುಕೊಳ್ಳುವವರು ಜಾಲ್ಸೂರಿಗೆ ಮೊದಲೇ ತೆಗೆದುಕೊಳ್ಳಬೇಕು. ಸಂಪಾಜೆ ದಾಟಿದ ಮೇಲೆ ನುಂಗಿದರೆ ಅದು ಕೆಲಸ ಶುರುಮಾಡುವ ಹೊತ್ತಿಗೆ ಮಡಿಕೇರಿ ಬಂದಿರುತ್ತದೆ. ಮಕ್ಕಳಿಗೆ ಕೊಡುವುದಾದರೆ ವೈದ್ಯರನ್ನು ಕೇಳಿಯೇ ಕೊಡಿ. ಏರಿನಲ್ಲಿ ಎಂಜಿನಿಗೆ ಬಲ ಸಾಲದೆ ಎ.ಸಿ. ನಿಲ್ಲಿಸಿದರೆ ಡ್ರೈವರನ್ನು ಬೈಯಬೇಡಿ, ಕಿಟಕಿ ತೆರೆಯಿರಿ. ತಣ್ಣನೆ ಗಾಳಿಯೂ ನೆರವಾಗುತ್ತದೆ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರಲ್ಲಿ ಉದ್ಘಾಟನೆಯಾದದ್ದು, 119 ಕಿ.ಮೀ. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ ಎಲ್ಲವನ್ನೂ ಬೈಪಾಸಿನಲ್ಲಿ ದಾಟಿಸಿಬಿಡುತ್ತದೆ. ಹೋಟೆಲುಗಳು ಸರ್ವಿಸ್ ರಸ್ತೆಗೆ ಉಳಿದುಹೋಗಿವೆ. ಮೂತ್ರಕ್ಕೂ ಚಹಕ್ಕೂ ಮೈಸೂರಿನಲ್ಲೇ ನಿಲ್ಲಿಸಿ. ಡ್ರೈವರ್ ಅಲ್ಲಿ ಮುಖ ತೊಳೆದು ಇಪ್ಪತ್ತು ನಿಮಿಷ ಕಾಲಾಡಿಸಲಿ. ಮೂರರಿಂದ ಐದರ ನಡುವೆ, ನೆಟ್ಟಗಿನ ರಸ್ತೆಯಲ್ಲೇ ನಿದ್ದೆ ಎಳೆಯುವುದು. ಮುಂದಿನ ಸೀಟಿನಲ್ಲಿ ಎಚ್ಚರ ಇರುವವರೊಬ್ಬರು ಕೂತಿರಬೇಕು.

ಟಿ.ಟಿ.ಯನ್ನು ಊರೊಳಗೆ ಒಯ್ಯುವುದೇ ಬೇಡ. ಕೆಂಗೇರಿಯ ಆಸುಪಾಸಿನಲ್ಲಿ ಅಂಗಳವಿರುವ ಲಾಡ್ಜಿನಲ್ಲಿ ಮೂರು ರೂಮು ಮೊದಲೇ ಹೇಳಿಡಿ. ಹದಿನಾಲ್ಕು ಜನ, ತಲೆಗೆ ಹತ್ತು ನಿಮಿಷ: ಎರಡು ಬಚ್ಚಲಾದರೆ 70 ನಿಮಿಷ, ಮೂರಾದರೆ 50. ಒಂದು ರೂಮು ಸಂಜೆಯವರೆಗೂ ಡ್ರೈವರಿಗೇ ಬಿಡಬೇಕು. ರಾತ್ರಿಯಿಡೀ ಓಡಿಸಿದವನನ್ನು ಹಗಲು ಸಿಗ್ನಲ್‌ಗಳಲ್ಲಿ ಬೇಯಿಸಿ, ಮತ್ತೆ ರಾತ್ರಿ ಘಾಟಿ ಇಳಿಸುವ ಬಾಡಿಗೆಗಳು ಇವತ್ತಿಗೂ ನಡೆಯುತ್ತಿವೆ. ಅವನ ನಿದ್ದೆಗಿಂತ ಒಂದು ರೂಮಿನ ಬಾಡಿಗೆ ದೊಡ್ಡದಲ್ಲ.

ನಿಮಗೆ ಮೆಟ್ರೋ ಇದೆ. ಕೆಂಗೇರಿಯಲ್ಲಿ ನೇರಳೆ ಮಾರ್ಗ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರಿಗೆ ಬದಲಾಯಿಸಿದರೆ ನಾಲ್ಕನೆಯ ನಿಲ್ದಾಣವೇ ಲಾಲ್‌ಬಾಗ್. ಮೊಬೈಲ್ ಕ್ಯೂಆರ್ ಟಿಕೆಟಿನಲ್ಲಿ ಆರು ಜನರಿಗೆ ಒಟ್ಟಿಗೆ ತೆಗೆಯಬಹುದು. ಶನಿವಾರವನ್ನೇ ಆರಿಸಲು ಕಾರಣವೂ ಇದೆ: ಭಾನುವಾರ ಮೆಟ್ರೋ ತಡವಾಗಿ ಶುರುವಾಗುತ್ತದೆ. ಹೈದರಾಲಿ 1760ರಲ್ಲಿ ಶುರುಮಾಡಿದ 240 ಎಕರೆಯ ತೋಟವನ್ನು ಬಿಸಿಲೇರುವ ಮುಂಚೆ ನಡೆದು, ಮುಖ್ಯ ಗೇಟಿನಿಂದ ಹೊರಬಂದರೆ ಎಂಟಿಆರ್ ಹೋಟೆಲು ಹತ್ತಿರ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ರವೆ ಇಡ್ಲಿ ಹುಟ್ಟಿದ್ದು ಇವರ ಅಡುಗೆಮನೆಯಲ್ಲಿ. ಸರತಿ ಉದ್ದ ಇರುತ್ತದೆ, ಹದಿನಾಲ್ಕು ಜನ ಒಂದೇ ಮೇಜಿಗೆ ಕಾಯಬೇಡಿ, ನಾಲ್ಕು ನಾಲ್ಕಾಗಿ ಕೂರಿ. ಆಮೇಲೆ ವಿಧಾನಸೌಧ ನಿಲ್ದಾಣ, ಎದುರಿನ ಕೆಂಪು ಹೈಕೋರ್ಟು, ಕಬ್ಬನ್ ಪಾರ್ಕು, ವಿಶ್ವೇಶ್ವರಯ್ಯ ಮ್ಯೂಸಿಯಂ. ಮಕ್ಕಳಿದ್ದರೆ ಮ್ಯೂಸಿಯಮ್ಮಿಗೆ ಎರಡೂವರೆ ಗಂಟೆ ಬೇಕು. ಅರಮನೆ, ಮಾಲ್ ಎಂದು ಪಟ್ಟಿ ಬೆಳೆಸಿದರೆ ಯಾವುದೂ ಕಣ್ತುಂಬುವುದಿಲ್ಲ.

ವಿಧಾನಸೌಧದ ಮುಂದೆ ಮಕ್ಕಳಿಗೆ ಒಂದು ಮಾತು ಹೇಳಿ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ಈ ಕಲ್ಲಿನ ಸೌಧ ಮುಗಿದದ್ದು 1956ರಲ್ಲಿ. ಅದೇ ವರ್ಷ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಶಾಲೆಗಳಲ್ಲಿ ಕನ್ನಡ ಓದುವ ಮಕ್ಕಳಿಗೆ ಫೋಟೋಕ್ಕಿಂತ ಅದು ಹೆಚ್ಚು ನೆನಪಿರುತ್ತದೆ.

ಸಂಜೆ ಆರೂವರೆಗೆ ಕೆಂಗೇರಿಗೆ ಮರಳಿದರೆ ಏಳೂವರೆಗೆ ಹೊರಡಬಹುದು, ಊರಿನ ಟ್ರಾಫಿಕ್ ಆಗಲೇ ಬೆನ್ನ ಹಿಂದೆ ಉಳಿದಿರುತ್ತದೆ. ಮಡಿಕೇರಿಗೆ ಹನ್ನೆರಡೂವರೆ. ಇಳಿಜಾರಿನಲ್ಲಿ ಗೇರ್ ಎರಡಕ್ಕೆ ಇಳಿಸಿ, ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು. ಬ್ರೇಕನ್ನೇ ಒತ್ತುತ್ತಾ ಬಂದರೆ ಲೈನರ್ ಕಾದು ಸುಟ್ಟ ವಾಸನೆ ಒಳಗೆ ಬರುತ್ತದೆ. ಆ ವಾಸನೆ ಬಂದ ಕೂಡಲೇ ಅಗಲವಾದ ಜಾಗ ನೋಡಿ ಗಾಡಿ ಬದಿಗೆ ಹಾಕಿಸಿ, ಅರ್ಧ ಗಂಟೆ ತಣಿಯಲು ಬಿಡಿ. ಚಕ್ರಕ್ಕೆ ನೀರು ಹೊಯ್ಯಬಾರದು, ಕಾದ ಡ್ರಮ್ ಬಿರುಕು ಬಿಡುತ್ತದೆ.