ಮೌಂಟನ್ ಬೈಕ್‌ಗೆ ಎದೆ-ಬೆನ್ನಿನ ಕವಚ: ಬೆವರಿನಲ್ಲಿ ನೆನೆದ ಮೇಲಿನ ಅಭಿಪ್ರಾಯ

ಕೆಲವು ವರ್ಷಗಳಿಂದ ನಾನು ಬಳಸುತ್ತಿರುವುದು ತೋಳಿಲ್ಲದ ಮೆತ್ತನೆಯ ಕವಚ. ಬನಿಯನ್ ಆಕಾರದ ಜಾಲರಿ ಬಟ್ಟೆ, ಬೆನ್ನಿಗೊಂದು ಪ್ಯಾಡ್, ಎದೆಗೊಂದು ಪ್ಯಾಡ್, ಪಕ್ಕದಲ್ಲಿ ಜಿಪ್. ಮೊಣಕೈಗೆ ಬೇರೆಯಾಗಿ ಕೊಂಡ ಪ್ಯಾಡ್‌ಗಳಿವೆ. ಮೌಂಟನ್ ಬೈಕ್, ಅಂದರೆ ಬೆಟ್ಟಗುಡ್ಡದ ಸೈಕಲ್, ಓಡಿಸುವುದು ಹೆಚ್ಚಾಗಿ ಬೆಂಗಳೂರಿನ ತುರಹಳ್ಳಿಯ ಬಂಡೆಗಳ ಮೇಲೆ, ಯಲಹಂಕದ ಬಳಿಯ ಅವಲಹಳ್ಳಿಯ ಕಾಡುದಾರಿಯಲ್ಲಿ. ರಜೆ ಸಿಕ್ಕರೆ ಸಕಲೇಶಪುರದ ಕಾಫಿ ತೋಟಗಳ ನಡುವೆ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಾನು ಕೊಂಡ ಮಾದರಿ ಈಗ ಮಾರುಕಟ್ಟೆಯಲ್ಲಿಲ್ಲ. ಇದೇ ವಿನ್ಯಾಸದ ಕವಚವನ್ನು ಹಲವರು ಮಾರುತ್ತಾರೆ, ಗುಣದೋಷಗಳೂ ಹೆಚ್ಚುಕಡಿಮೆ ಒಂದೇ.

ಕೊಳ್ಳುವವರು ಮೊದಲು ಬೆವರಿನ ಲೆಕ್ಕ ಹಾಕಬೇಕು, ಪೆಟ್ಟಿನ ಲೆಕ್ಕ ಆಮೇಲೆ. ಈ ಸಾಮಗ್ರಿಗಳಲ್ಲಿ ಹೆಚ್ಚಿನವು ಯುರೋಪ್ ಮತ್ತು ಉತ್ತರ ಅಮೆರಿಕದ ಸವಾರರನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾದವು. ಕೆನಡಾದ ವಿಸ್ಲರ್, ಫ್ರಾನ್ಸಿನ ಮೊರ್ಜೀನ್‌ನಂಥ ಕಡೆ ಸೈಕಲ್ಲನ್ನೂ ಸವಾರನನ್ನೂ ಲಿಫ್ಟ್ ಬೆಟ್ಟದ ಮೇಲಕ್ಕೆ ಒಯ್ಯುತ್ತದೆ. ಅಲ್ಲಿ ಕವಚ ತೊಡುವುದು ಇಳಿಯುವುದಕ್ಕಷ್ಟೇ. ನಮ್ಮಲ್ಲಿ ಏರುವುದೂ ಪೆಡಲ್ ತುಳಿದೇ, ಅದೂ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ. ಭುಜ, ತೋಳು, ಎದೆ, ಬೆನ್ನು ಎಲ್ಲವನ್ನೂ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ಕಿನ ಜಾಕೆಟ್ ನನ್ನ ತಮ್ಮನ ಬಳಿ ಇದೆ, ಆಗಾಗ ನಾನೂ ತೊಟ್ಟಿದ್ದೇನೆ. ಅರ್ಧ ಏರು ಮುಗಿಯುವಷ್ಟರಲ್ಲಿ ಅವನು ಅದನ್ನು ಬಿಚ್ಚಿ ಹ್ಯಾಂಡಲ್‌ಗೆ ಕಟ್ಟಿಕೊಳ್ಳುತ್ತಾನೆ. ತುದಿಗೆ ಹೋದ ಮೇಲೆ, ಒದ್ದೆ ಮೈಗೆ ಅದನ್ನು ಮತ್ತೆ ಏರಿಸುವ ಪಾಡು ಯಾರಿಗೆ ಬೇಕು ಎಂದು ಹಾಗೆಯೇ ಇಳಿಯುತ್ತಾನೆ. ಜೀಪಿನಲ್ಲಿ ಸೈಕಲ್ ಹೇರಿಕೊಂಡು ಮೇಲೆ ಹೋಗುವ ದಿನಗಳಲ್ಲಿ ಮಾತ್ರ ಆ ಜಾಕೆಟ್ಟಿಗೆ ಬೆಲೆ.

ಬೆವರಿನ ಇನ್ನೊಂದು ಕೆಲಸ ಅಂಗಡಿಯಲ್ಲಿ ಕಾಣುವುದಿಲ್ಲ. ಒಣ ಮೈಯಲ್ಲಿ ಬಿಗಿಯಾಗಿ ಕೂತ ಮೊಣಕೈ ಪ್ಯಾಡ್, ಒದ್ದೆಯಾದಾಗ ಜಾರುತ್ತದೆ. ಸಕಲೇಶಪುರದ ಬಳಿ ಜಂಬಿಟ್ಟಿಗೆ ಪುಡಿಯ ಮೇಲೆ ಅಡ್ಡಬಿದ್ದಾಗ ನನ್ನ ಪ್ಯಾಡ್ ತಿರುಗಿ ಮೊಣಕೈಯ ಒಳಮಗ್ಗುಲಿಗೆ ಹೋಗಿತ್ತು, ನೆಲಕ್ಕೆ ಉಜ್ಜಿದ್ದು ಬರಿಯ ಚರ್ಮ. ಪ್ಯಾಡಿನ ಮೇಲೆ ಗೀರೂ ಇರಲಿಲ್ಲ! ಹಾಗಾಗಿ ನನ್ನ ಪರೀಕ್ಷೆ ಸರಳ: ಪ್ಯಾಡ್ ತೊಟ್ಟು, ಮೊಣಕೈ ಮಡಚಿ, ಇನ್ನೊಂದು ಕೈಯಿಂದ ಅದನ್ನು ತಿರುಚಿ ನೋಡಿ. ಅಂಗಡಿಯ ಎಸಿಯಲ್ಲೇ ತಿರುಗಿದರೆ ಅಲ್ಲೇ ಬಿಟ್ಟು ಬನ್ನಿ. ಮೇಲಂಚಿನಲ್ಲಿ ಸಿಲಿಕೋನ್ ಪಟ್ಟಿಯ ಜೊತೆಗೆ ಬಿಗಿಯುವ ವೆಲ್ಕ್ರೋ ಪಟ್ಟಿಯೂ ಇರುವುದು ಲೇಸು. ವೆಲ್ಕ್ರೋಗೆ ಹುಲ್ಲಿನ ಬೀಜ, ಕೆಂಪು ಮಣ್ಣು ತುಂಬಿಕೊಳ್ಳುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಬೇಕು.

ಇನ್ನು ಲೇಬಲ್. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಏಕೆಂದರೆ ಮಾರುವವರು ಇದನ್ನು ಬಿಡಿಸಿ ಹೇಳುವುದಿಲ್ಲ. ಒಳ್ಳೆಯ ಪ್ಯಾಡ್‌ಗಳ ಮೇಲೆ ಮೋಟಾರ್‌ಸೈಕಲ್ ಸವಾರನ ಪುಟ್ಟ ಚಿತ್ರ ಮತ್ತು ಇಎನ್ 1621 ಎಂಬ ಯುರೋಪಿನ ಮಾನದಂಡದ ಸಂಖ್ಯೆ ಇರುತ್ತದೆ. 1621-1 ಎಂದರೆ ಭುಜ, ಮೊಣಕೈ ಮುಂತಾದ ಕೀಲುಗಳಿಗೆ, 1621-2 ಬೆನ್ನಿಗೆ, 1621-3 ಎದೆಗೆ. ಮೋಟಾರ್‌ಸೈಕಲ್ಲಿಗೆಂದು ಬರೆದ ಮಾನದಂಡವನ್ನೇ ಸೈಕಲ್ ಕವಚದವರೂ ಬಳಸುತ್ತಾರೆ. ಬೆನ್ನಿನ ಪ್ಯಾಡ್ ಮೇಲೆ 50 ಜೂಲ್ ಪೆಟ್ಟು ಹಾಕಿ, ಕೆಳಗೆ ಎಷ್ಟು ಬಲ ದಾಟಿತು ಎಂದು ಅಳೆಯುತ್ತಾರೆ. 5 ಕಿಲೋ ತೂಕ ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು ಪೆಟ್ಟು ಅದು. ದಾಟಿದ ಬಲ ಸರಾಸರಿ 18 ಕಿಲೋನ್ಯೂಟನ್ ಒಳಗಿದ್ದರೆ ಲೆವೆಲ್ 1, 9ರ ಒಳಗಿದ್ದರೆ ಹೆಚ್ಚು ಕಾಪಾಡುವ ಲೆವೆಲ್ 2. ಮೊಣಕೈ, ಭುಜಕ್ಕೆ ಈ ಮಿತಿ 35 ಮತ್ತು 20. ಅಂದರೆ ಮೊಣಕೈಯ ಲೆವೆಲ್ 2 ಪ್ಯಾಡ್, ಬೆನ್ನಿನ ಲೆವೆಲ್ 1 ಪ್ಯಾಡಿಗಿಂತ ಹೆಚ್ಚು ಬಲವನ್ನು ಒಳಗೆ ಬಿಡಬಹುದು. ಬೇರೆ ಬೇರೆ ಭಾಗಗಳ ಲೆವೆಲ್ ಸಂಖ್ಯೆಗಳನ್ನು ಹೋಲಿಸಿ ಬೀಗುವುದರಲ್ಲಿ ಅರ್ಥವಿಲ್ಲ.

ಎಚ್ಚರ ಬೇಕಾದ ಇನ್ನೊಂದು ಸಂಖ್ಯೆ ಇಎನ್ 14021. ನೋಡಲು ಭರ್ಜರಿಯಾಗಿರುವ ಹಲವು ಗಟ್ಟಿ ಎದೆಗವಚಗಳ ಮೇಲೆ ಇದೊಂದೇ ಇರುತ್ತದೆ. ಮುಂದಿನ ಮೋಟಾರ್‌ಸೈಕಲ್ಲಿನ ಚಕ್ರದಿಂದ ಸಿಡಿಯುವ ಕಲ್ಲು, ಜಲ್ಲಿಯಿಂದ ಕಾಪಾಡುವ ಕವಚಕ್ಕೆ ಕೊಡುವ ಮಾನ್ಯತೆ ಅದು. ಬಿದ್ದಾಗಿನ ಪೆಟ್ಟಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಸೈಕಲ್ ಸವಾರನಿಗೆ ಯಾರ ಚಕ್ರದ ಜಲ್ಲಿ ಸಿಡಿಯಬೇಕು?

ನನ್ನ ಕವಚದ ಪ್ಯಾಡ್‌ಗಳು ಕೈಯಲ್ಲಿ ಹಿಂಡಿದರೆ ಮೆತ್ತಗೆ, ಪೆಟ್ಟು ಬಿದ್ದ ಕ್ಷಣ ಬಿಗಿಯಾಗುವ ಜಾತಿಯವು. ಬ್ರಿಟನ್ನಿನ ಡಿ3ಒ, ಜರ್ಮನಿಯ ಸಾಸ್‌ಟೆಕ್ ಈ ಬಗೆಯ ವಸ್ತುವಿಗೆ ಹೆಸರಾದವು. ಇವು ಚಳಿಗೆ ಸೆಟೆಯುತ್ತವೆ, ಸೆಕೆಗೆ ಸಡಿಲವಾಗುತ್ತವೆ. ಲೇಬಲ್‌ನಲ್ಲಿ ಟಿ+ ಎಂಬ ಗುರುತಿದ್ದರೆ 40 ಡಿಗ್ರಿಯಲ್ಲೂ ಪರೀಕ್ಷೆ ಪಾಸಾಗಿದೆ ಎಂದು ಅರ್ಥ. ಅದು ಕಡ್ಡಾಯದ ಪರೀಕ್ಷೆಯಲ್ಲ, ಆದರೆ ನಮ್ಮವರು ಹುಡುಕಬೇಕಾದ ಗುರುತು ಅದೇ.

ಕೆಲಸಕ್ಕೆ ಬಂದಿದೆಯೇ? ಬಂದಿದೆ. ತುರಹಳ್ಳಿಯಲ್ಲಿ ಮುಂದಿನ ಚಕ್ರ ಬಂಡೆಗಳ ಸಂದಿಗೆ ಸಿಕ್ಕಿ ಹ್ಯಾಂಡಲ್ ಮೇಲಿಂದ ಹಾರಿ ಬಿದ್ದಾಗ ಎದೆಯ ಪ್ಯಾಡ್ ಬಂಡೆಯ ಅಂಚಿಗೆ ಬಡಿಯಿತು. ಕೆಲವು ದಿನ ಸೀನಿದರೆ ಜೀವ ಹೋದಂತಾಗುತ್ತಿತ್ತು, ಆದರೆ ಎಕ್ಸ್‌ರೇಯಲ್ಲಿ ಪಕ್ಕೆಲುಬುಗಳು ಸರಿಯಾಗಿಯೇ ಇದ್ದವು. ಪ್ಯಾಡ್ ಇಲ್ಲದಿದ್ದರೆ ಮುರಿಯುತ್ತಿದ್ದವು ಎಂದು ಸಾಧಿಸಲು ನನ್ನಲ್ಲಿ ಆಧಾರವಿಲ್ಲ. "ಇದೇ ನನ್ನ ಜೀವ ಉಳಿಸಿತು" ಎನ್ನುವ ವಿಮರ್ಶೆಗಳನ್ನು ನಾನು ಅಷ್ಟಾಗಿ ನಂಬುವುದೂ ಇಲ್ಲ. ಬೆನ್ನಿನ ಪ್ಯಾಡ್ ಬಂಡೆಯ ನೇರ ಪೆಟ್ಟನ್ನು ಹಂಚಿ ತಗ್ಗಿಸುತ್ತದೆ. ತಲೆಕೆಳಗಾಗಿ ಬಿದ್ದು ಬೆನ್ನುಮೂಳೆ ಬಾಗಿದರೆ, ಹಿಂಡಿದರೆ ಅದು ತಡೆಯಲಾರದು. ಕಾಲರ್‌ಬೋನ್‌ನ ಕಥೆಯೂ ಹಾಗೆಯೇ. ಈ ಆಟದಲ್ಲಿ ಅದು ಮುರಿಯುವುದು ಸಾಮಾನ್ಯ, ಆದರೆ ಭುಜ ನೆಲಕ್ಕೆ ಕುಕ್ಕಿದಾಗ ಬಲ ಮೂಳೆಯ ಉದ್ದಕ್ಕೂ ಸಾಗಿ ಅದನ್ನು ಮುರಿಯುತ್ತದೆ. ಭುಜದ ಮೇಲಿನ ಚಿಪ್ಪು ತರಚುಗಾಯವನ್ನೂ ನೇರ ಪೆಟ್ಟನ್ನೂ ತಗ್ಗಿಸಬಹುದು, ಈ ಒತ್ತಡವನ್ನು ತಡೆಯುವ ಭರವಸೆ ಕೊಡಲಾರದು. ಭುಜದ ಪ್ಯಾಡ್ ಇಲ್ಲದ ಕವಚವನ್ನು ನಾನು ಆರಿಸಿದ್ದಕ್ಕೆ ಅದೂ ಒಂದು ಕಾರಣ, ಬೆನ್ನುಚೀಲದ ಪಟ್ಟಿ ಭುಜದ ಪ್ಯಾಡಿನ ಮೇಲೆ ಕೂರುವುದಿಲ್ಲ ಎಂಬುದು ಇನ್ನೊಂದು.

ಪಕ್ಕೆಲುಬಿನ ಕೆಳಗಿನ ಹೊಟ್ಟೆಯ ಭಾಗ ಎಲ್ಲ ಕವಚಗಳಲ್ಲೂ ಹೆಚ್ಚುಕಡಿಮೆ ಬರಿದೇ. ಹ್ಯಾಂಡಲ್‌ಬಾರ್ ತುದಿ ಅಲ್ಲಿಗೆ ಚುಚ್ಚಿದರೆ ಗುಲ್ಮ, ಯಕೃತ್ತಿಗೆ ಅಪಾಯ. ಹಿಡಿಯ ತುದಿಯ ಮುಚ್ಚಳ ಬಿದ್ದುಹೋಗಿದ್ದರೆ ಸಾವಿರಾರು ರೂಪಾಯಿಯ ಕವಚಕ್ಕಿಂತ ಮೊದಲು ಆ ಮುಚ್ಚಳ ಹಾಕಿಸಿ.

ಅಳತೆಯ ವಿಷಯದಲ್ಲಿ ಎದೆಯ ಸುತ್ತಳತೆಯೊಂದೇ ಸಾಲದು, ಸೊಂಟದಿಂದ ಭುಜದವರೆಗಿನ ಬೆನ್ನಿನ ಉದ್ದ ಬೇಕು. ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ. ಹೆಲ್ಮೆಟ್ ಹಾಕಿಕೊಂಡು, ಇಳಿಜಾರಿನಲ್ಲಿ ಕೂರುವಂತೆ ಬಾಗಿ, ತಲೆ ಎತ್ತಿ ಮುಂದೆ ನೋಡಿ. ಬೆನ್ನಿನ ಪ್ಯಾಡ್ ಹೆಲ್ಮೆಟ್ಟಿನ ಹಿಂಬದಿಗೆ ತಾಗಿದರೆ ದಾರಿ ನೋಡಲು ಆಗುವುದಿಲ್ಲ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್‌ನವರಿಗೆ ಈ ತೊಂದರೆ ಹೆಚ್ಚು. ಜೊತೆಗೆ ಓಡಿಸುವ ಗೆಳತಿಗೆ ಒಂದೇ ಹಲಗೆಯಂಥ ಎದೆ ಪ್ಯಾಡ್ ಯಾವ ಅಳತೆಯಲ್ಲೂ ಕೂರಲಿಲ್ಲ. ಎರಡು ಭಾಗವಾಗಿ ಮಾಡಿದ ಎದೆ ಪ್ಯಾಡ್‌ಗಳನ್ನು ಮಾನದಂಡವೇ ಬೇರೆ ವರ್ಗವಾಗಿ ಗುರುತಿಸುತ್ತದೆ. ಅಂಥದ್ದು ಬೆಂಗಳೂರಿನ ಅಂಗಡಿಗಳಲ್ಲಿ ಅವಳಿಗೆ ಸಿಗದೆ ಹೊರಗಿನಿಂದ ತರಿಸಬೇಕಾಯಿತು, ಸುಂಕವನ್ನೂ ಕಟ್ಟಿ.

ನಿರ್ವಹಣೆಗೆ ಬಂದರೆ, ಪ್ಯಾಡ್ ಹೊರತೆಗೆಯಲು ಬಾರದ ಕವಚವನ್ನು ಕೊಳ್ಳಲೇಬೇಡಿ. ಪ್ರತಿ ಸವಾರಿಯ ನಂತರ ಬಟ್ಟೆಯನ್ನು ತಣ್ಣೀರಿನಲ್ಲಿ ಜಾಲಿಸಬೇಕು, ಇಲ್ಲದಿದ್ದರೆ ಮುಂದಿನ ವಾರ ಅದನ್ನು ಮನೆಯೊಳಗೆ ಇಡಲು ಯಾರೂ ಒಪ್ಪುವುದಿಲ್ಲ. ಪ್ಯಾಡ್‌ಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಒಣಗಿಸಿದರೆ ಸಾಕು. ಮಲೆನಾಡಿನ ಮಳೆಗಾಲದಲ್ಲಿ ಏನೂ ಒಣಗುವುದಿಲ್ಲವೆಂದು ಬಚ್ಚಲೊಲೆಯ ಪಕ್ಕ ಹರವಿಡುವ ಆಸೆಯಾಗುತ್ತದೆ. ಹಾಗೆ ಮಾಡಿದ ನೆಂಟರೊಬ್ಬರ ಪ್ಯಾಡ್ ಸೊಟ್ಟಗಾಗಿ ಅದೇ ಆಕಾರದಲ್ಲಿ ಉಳಿದುಬಿಟ್ಟಿತು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯೂ ಅಷ್ಟೇ ಕೆಟ್ಟದ್ದು. ಇನ್ನೊಂದು ಮಾತು: ಜಾಲರಿಯ ಮಡಿಕೆಯಲ್ಲಿ ಇಂಬಳ ಸುಖವಾಗಿ ಕೂರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೆಲ್ಲ ತಡಕಿ ನೋಡಿಯೇ ತೊಡಿ.

ಈಗಿನ ಸ್ಥಿತಿ ಹೀಗಿದೆ. ಪ್ಯಾಡ್‌ಗಳಲ್ಲಿ ಬಿರುಕಿಲ್ಲ, ಗಡಸಾಗಿಲ್ಲ. ಎದೆಯ ಪ್ಯಾಡನ್ನು ಆ ಬಿದ್ದ ದಿನದ ಮೇಲೆ ಬಾಗಿಸಿ, ಬೆಳಕಿಗೆ ಹಿಡಿದು ನೋಡಿಯೇ ಮುಂದುವರಿಸಿದ್ದು. ಜಾಲರಿ ಬಟ್ಟೆ ಕಂಕುಳ ಬಳಿ ಹರಿದಿದೆ, ಹೊಲಿಸಿಕೊಂಡಿದ್ದೇನೆ. ಸೊಂಟದ ಎಲಾಸ್ಟಿಕ್ ಸಡಿಲವಾಗಿ, ಇಳಿಯುವಾಗ ಬೆನ್ನಿನ ಪ್ಯಾಡ್ ಮೇಲಕ್ಕೆ ಸರಿಯಲು ಶುರುವಾಗಿದೆ. ಬದಲಿಸಬೇಕಾದ ಲಕ್ಷಣ ಇದೇ. ಮೊಣಕೈ ಪ್ಯಾಡ್‌ಗಳನ್ನು ಆಗಲೇ ಬದಲಿಸಿಯಾಗಿದೆ. ಮುಂದಿನದೂ ತೋಳಿಲ್ಲದ್ದೇ ಆಗಿರುತ್ತದೆ. ಆದರೆ ಬೆನ್ನಿಗೆ ಟಿ+ ಗುರುತಿನ ಲೆವೆಲ್ 2, ಸೊಂಟಕ್ಕೆ ಅಗಲವಾದ ಪಟ್ಟಿ ಇರುವಂಥದ್ದು. ಜಿಪ್ ಮುಂದೆ ಇದ್ದರೆ ಇನ್ನೂ ಒಳ್ಳೆಯದು, ಏರಿನಲ್ಲಿ ತೆರೆದಿಟ್ಟುಕೊಳ್ಳಬಹುದು.